ಒಂದೇ ಮೀನಿಗೆ ಎರಡು ಅಂಕಿ: ಶಿವಮೊಗ್ಗದ ಒಂದು ಪದವಿ ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ. ಶಿವಮೊಗ್ಗದ ಒಂದು ಪದವಿ ಕಾಲೇಜು ಅಂದರೆ ಸಾಕು, ಯಾವುದು ಅಂತ ಬೇಡ. ವಿದ್ಯಾರ್ಥಿನಿಯನ್ನು ಚೇತನಾ ಎನ್ನೋಣ. ಅವಳ ಗೈಡನ್ನು ಬರೀ ಮೇಡಂ ಎನ್ನೋಣ. ನಾನು ಪಕ್ಕದ ರಸಾಯನಶಾಸ್ತ್ರ ವಿಭಾಗದವನು. ನೀರಲ್ಲಿ ಕರಗಿದ ಆಕ್ಸಿಜನ್ ಅಳೆಯಲು ಕೈಜೋಡಿಸಿ ಅಂತ ಕರೆದರು, ಹಾಗೆ ಇದರೊಳಗೆ ಸೇರಿಕೊಂಡೆ. ಬೇರೆಯವರ ಪೇಪರ್ ಓದಿ, ಅಂಕಿ ಒಟ್ಟುಮಾಡಿ ಪ್ರಾಜೆಕ್ಟ್ ಬರೆಯುವ ಹುಡುಗರು ಈಗ ಜಾಸ್ತಿ. ಅಂಥವರಿಗೂ ಅವರ ಗೈಡುಗಳಿಗೂ ಇದು ಉಪಯೋಗಕ್ಕೆ ಬಂದೀತು.

ಹಿನ್ನೆಲೆ

ಚೇತನಾಳ ಊರು ಹೊಸನಗರ ತಾಲ್ಲೂಕಿನಲ್ಲಿ. ಮನೆ ಹಿಂದೆ ಅಡಿಕೆ ತೋಟ, ತೋಟದ ಕೆಳಗೆ ಹಳ್ಳ. ಏಪ್ರಿಲ್ ಹೊತ್ತಿಗೆ ಹಳ್ಳ ಬತ್ತಿ ಅಲ್ಲೊಂದು ಇಲ್ಲೊಂದು ಗುಂಡಿ ಉಳಿಯುತ್ತದೆ. ಆ ಗುಂಡಿಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ, ಕೆಲವು ಸಾಯುತ್ತವೆ. ಅವು ಬಿಸಿಗೆ ಸಾಯುತ್ತವೋ ಉಸಿರು ಕಟ್ಟಿ ಸಾಯುತ್ತವೋ ಅನ್ನುವುದು ಅವಳ ಪ್ರಶ್ನೆ. ಮೀನು ಹಿಡಿದು ತಂದು, ಲ್ಯಾಬಿನಲ್ಲಿ ನೀರು ಬಿಸಿ ಮಾಡಿ ನೋಡುತ್ತೇನೆ ಎಂದಳು.

ಮೇಡಂ ಒಪ್ಪಲಿಲ್ಲ. ಬೆನ್ನುಮೂಳೆಯಿರುವ ಪ್ರಾಣಿಗಳ ಮೇಲೆ ಪ್ರಯೋಗ ಮಾಡಲು ಪ್ರಾಣಿ ನೈತಿಕ ಸಮಿತಿಯ ಅನುಮತಿ ಬೇಕು. ಆ ಕಾಲೇಜಿನಲ್ಲಿ ಅಂಥ ಸಮಿತಿ ಇರಲಿಲ್ಲ. "ಸಾಯಿಸಿ ನೋಡೋದು ಬೇಡ ಕಣೇ. ಬಿಸಿ ಅಂದ್ರೇನು ಅಂತ ತಿಳೀಬೇಕಾದ್ರೆ ಬಿಸಿಯನ್ನೇ ಕಾಣದ ಪ್ರಾಣಿ ಬಗ್ಗೆ ಓದು" ಎಂದು ಅಂಟಾರ್ಕ್ಟಿಕಾದ ಸಮುದ್ರಜೀವಿಗಳ ಕಡೆ ತಿರುಗಿಸಿದರು. ಭಾರತಕ್ಕೂ ಅಲ್ಲಿ ನೆಲೆಗಳಿವೆ. ಮೈತ್ರಿ 1989ರಿಂದ ಇದೆ, ಭಾರತಿ 2012ರಿಂದ. ಹಾಗಾಗಿ ವಿಷಯ ತೀರಾ ಪರಕೀಯವಲ್ಲ ಅಂತ ಪ್ರಸ್ತಾವನೆಯಲ್ಲಿ ಬರೆದುಕೊಂಡರು. ಅವಳ ಅಪ್ಪಯ್ಯ ಮಾತ್ರ, "ಶಿವಮೊಗ್ಗದಲ್ಲಿ ಕೂತ್ಕಂಡು ಅಂಟಾರ್ಕ್ಟಿಕಾ ಮೀನು ಎಂತಕ್ಕೆ ಮಾರಾಯ್ತಿ?" ಅಂದರಂತೆ.

ನನ್ನ ಪ್ರಕಾರ ಆಯ್ಕೆ ಚೆನ್ನಾಗಿತ್ತು. ಮಲೆನಾಡಿನ ಹಳ್ಳದ ಮೀನು ಮಾಗಿಯ ಚಳಿ, ಬೇಸಿಗೆಯ ಸೆಕೆ, ಮಳೆಗಾಲದ ಕೆಂಪು ನೀರು ಎಲ್ಲ ಕಂಡಿರುತ್ತದೆ. ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ಕೊಲ್ಲಿಯ ಮೀನಿಗೆ ಅದ್ಯಾವುದೂ ಗೊತ್ತಿಲ್ಲ. ಅಲ್ಲಿಯ ನೀರು ವರ್ಷದ ಬಹುಪಾಲು ಮೈನಸ್ 1.9 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಉಪ್ಪಿರುವುದರಿಂದ ಸಮುದ್ರದ ನೀರು ಹೆಪ್ಪುಗಟ್ಟುವುದೂ ಅದೇ ಹೊತ್ತಿಗೆ. ಅಲ್ಲಿಯ ಬಹಳಷ್ಟು ಮೀನುಗಳ ರಕ್ತದಲ್ಲಿ ಹರಳುಗಟ್ಟುವುದನ್ನು ತಡೆಯುವ ಪ್ರೋಟೀನುಗಳಿವೆ. ಅವನ್ನು 1960ರ ದಶಕದಲ್ಲಿ ಪತ್ತೆ ಮಾಡಿದ್ದು ಆರ್ಥರ್ ಡಿವ್ರೀಸ್. ಐಸ್‌ಫಿಶ್ ಅನ್ನುವ ಇನ್ನೊಂದು ಗುಂಪಿಗೆ ಹಿಮೋಗ್ಲೋಬಿನ್ನೇ ಇಲ್ಲ, ರಕ್ತಕ್ಕೆ ಬಣ್ಣವೇ ಇಲ್ಲ. ನಾರ್ವೆಯ ಯೋಹಾನ್ ರೂಡ್ 1954ರಲ್ಲಿ ಇದನ್ನು ವರದಿ ಮಾಡಿದರು. ಬಿಸಿ ತಾಗಿದರೆ ಇಂಥವುಗಳಿಗೆ ಏನಾಗುತ್ತದೆ? ಪ್ರಾಜೆಕ್ಟಿನ ಪ್ರಶ್ನೆ ಇಷ್ಟೇ. ಒಂದು ದೊಡ್ಡ ಟೇಬಲ್ ಮಾಡುವುದು, ಪ್ರಾಣಿಯ ಹೆಸರಿನ ಮುಂದೆ ಅದು ಎಷ್ಟು ಡಿಗ್ರಿಗೆ ಸಾಯುತ್ತದೆ ಅಂತ ಬರೆಯುವುದು, ಕೊನೆಗೆ ಒಂದು ಗ್ರಾಫ್.

ತೊಡಕು

ಟೇಬಲ್ ಅರ್ಧ ತುಂಬುವ ಹೊತ್ತಿಗೆ ಜಗಳ ಶುರುವಾಯಿತು. ಟ್ರೆಮಟೋಮಸ್ ಬರ್ನಾಕಿ ಅಂತ ಒಂದು ಮೀನಿದೆ, ಕಡಲ ತಳದಲ್ಲಿ ಕೂತಿರುವಂಥದ್ದು. ಜಾರ್ಜ್ ಸೊಮೆರೋ ಮತ್ತು ಡಿವ್ರೀಸ್ 1967ರಲ್ಲಿ ಬರೆದ ಪೇಪರಿನ ಪ್ರಕಾರ ಇದೂ ಇದರ ಹತ್ತಿರದ ಮೀನುಗಳೂ ಸುಮಾರು 6 ಡಿಗ್ರಿಗೆ ಸಾಯುತ್ತವೆ. ಕೆವಿನ್ ಬಿಲಿಕ್ ಮತ್ತು ಅದೇ ಡಿವ್ರೀಸ್ 2011ರಲ್ಲಿ ಬರೆದ ಪೇಪರಿನಲ್ಲಿ ಅಂಟಾರ್ಕ್ಟಿಕಾ ಮೀನುಗಳ ಮಿತಿ ಸುಮಾರು 12ರಿಂದ 16 ಡಿಗ್ರಿ. ಎರಡರಲ್ಲೂ ಒಬ್ಬ ಲೇಖಕರು ಅವರೇ. ಅಂಕಿ ಮಾತ್ರ ಎರಡು ಪಟ್ಟು.

ಚೇತನಾ ಮೊದಲು ಮಾಡಿದ್ದು ಸರಾಸರಿ. ಎರಡನ್ನೂ ಕೂಡಿ ಅರ್ಧ ಮಾಡಿ ಒಂದು ಸಂಖ್ಯೆ ಬರೆದಳು. ಮೇಡಂ ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದು, "ಈ ಸಂಖ್ಯೆ ಯಾರು ಅಳೆದದ್ದು?" ಎಂದು ಕೇಳಿದರು. ಯಾರೂ ಅಳೆದಿರಲಿಲ್ಲ, ಅಲ್ವಾ. ಆಮೇಲೆ ಅವಳು ಹಳೆಯದನ್ನು ತೆಗೆದು ಹೊಸದನ್ನು ಇಟ್ಟುಕೊಳ್ಳುತ್ತೇನೆ ಎಂದಳು. 1967ರಲ್ಲಿ ಉಪಕರಣ ಸರಿ ಇರಲಿಕ್ಕಿಲ್ಲ ಅನ್ನುವುದು ಅವಳ ವಾದ. ವಿಭಾಗದ ಇನ್ನೊಬ್ಬರು ಇದಕ್ಕೆ ತಲೆಯಾಡಿಸಿದರು. ಬಹಳಷ್ಟು ಪ್ರಾಜೆಕ್ಟುಗಳು ಇಲ್ಲಿಗೇ ಮುಗಿಯುತ್ತವೆ. ಹೊಸ ಪೇಪರ್ ಗೆಲ್ಲುತ್ತದೆ, ಹಳೆಯದು ಕಸದ ಬುಟ್ಟಿಗೆ.

ಮೇಡಂ ಹಟ ಹಿಡಿದರು. ಎರಡು ಪೇಪರುಗಳ ಫಲಿತಾಂಶದ ಭಾಗ ಮುಚ್ಚಿಟ್ಟು, ವಿಧಾನದ ಭಾಗ ಮಾತ್ರ ಪಕ್ಕಪಕ್ಕ ಇಟ್ಟು ಓದಬೇಕು ಎಂದರು. ನಿಜವಾದ ತಿರುವು ಇದೇ.

ಓದಿದಾಗ ಸಿಕ್ಕಿದ್ದು

ಹಳೆಯ ಪೇಪರಿನಲ್ಲಿ ಮೀನನ್ನು ಒಂದು ನಿಗದಿತ ತಾಪಮಾನದ ನೀರಿನಲ್ಲಿ ಇಟ್ಟು, ಎಷ್ಟು ಕಾಲ ಬದುಕುತ್ತದೆ ಅಂತ ಕಾದು ನೋಡಿದ್ದರು. ಹೊಸದರಲ್ಲಿ ನೀರನ್ನು ಒಂದೇ ಸಮನೆ, ಬೇಗ ಬೇಗ ಬಿಸಿ ಮಾಡುತ್ತಾ ಹೋಗಿ, ಮೀನು ಮೈಹಿಡಿತ ತಪ್ಪಿ ಮಗುಚುವ ಗಳಿಗೆಯನ್ನು ಗುರುತಿಸಿದ್ದರು. ಅಂದರೆ ಎರಡನೆಯದು ಸಾವಿನ ಅಂಕಿಯೇ ಅಲ್ಲ. ಒಂದರಲ್ಲಿ ಇಷ್ಟು ಬಿಸಿಯಲ್ಲಿ ಬಾಳಬಹುದೇ ಎಂಬ ಪ್ರಶ್ನೆ. ಇನ್ನೊಂದರಲ್ಲಿ ಒಂದೇ ಏರಿಗೆ ಎಷ್ಟು ತಡೆದೀತು ಎಂಬ ಪ್ರಶ್ನೆ. ಉತ್ತರ ಬೇರೆ ಬರಲೇಬೇಕು.

ಟೇಬಲಿಗೆ ಎರಡು ಕಾಲಂ ಸೇರಿದವು. ಒಂದು, ಬಿಸಿ ಏರಿಸಿದ ವೇಗ. ಇನ್ನೊಂದು, ಎಲ್ಲಿಗೆ ನಿಲ್ಲಿಸಿದರು, ಅಂದರೆ ಸತ್ತಾಗಲೋ, ಮಗುಚಿದಾಗಲೋ, ಯಾವುದೋ ಕೆಲಸ ಬಿಟ್ಟಾಗಲೋ. ಈ ಎರಡು ಕಾಲಂ ಹಾಕಿದ ಮೇಲೆ ಆವರೆಗೆ ತಾಳೆಯಾಗದೆ ಬಿದ್ದಿದ್ದ ಪೇಪರುಗಳು ತಾವಾಗಿ ಸಾಲಿಗೆ ಬಂದವು.

ಅದರಲ್ಲಿ ಲಾಯ್ಡ್ ಪೆಕ್ ಮತ್ತು ಜೊತೆಗಾರರ 2009ರ ಕೆಲಸ ಇಡೀ ಪ್ರಾಜೆಕ್ಟಿಗೆ ಬೆನ್ನೆಲುಬಾಯಿತು. ಅಂಟಾರ್ಕ್ಟಿಕಾದ ಬೇರೆ ಬೇರೆ ಗುಂಪಿನ ಬೆನ್ನುಮೂಳೆ ಇಲ್ಲದ ಪ್ರಾಣಿಗಳನ್ನು ಬೇರೆ ಬೇರೆ ವೇಗದಲ್ಲಿ ಬಿಸಿ ಮಾಡಿದ್ದರು. ದಿನಕ್ಕೆ 1 ಡಿಗ್ರಿಯಂತೆ ಏರಿಸಿದಾಗ ಅವು ತಡೆದದ್ದು ಸುಮಾರು 8ರಿಂದ 18 ಡಿಗ್ರಿಯವರೆಗೆ. ತಿಂಗಳಿಗೆ 1 ಡಿಗ್ರಿಯಂತೆ ಏರಿಸಿದಾಗ ಸುಮಾರು 1ರಿಂದ 6ರ ಒಳಗೇ ಕೈಚೆಲ್ಲಿದವು. ನಿಧಾನವಾಗಿ ಏರಿಸಿದರೆ ಒಗ್ಗಿಕೊಂಡು ಜಾಸ್ತಿ ತಡೆಯುತ್ತವೆ ಅಂತ ನಾವೆಲ್ಲ ಎಣಿಸುತ್ತೇವೆ. ಇಲ್ಲಿ ಆದದ್ದು ಉಲ್ಟಾ. ಬಿಸಿ ಸ್ವಲ್ಪವೇ ಇದ್ದರೂ ಬಹಳ ಕಾಲ ಇದ್ದರೆ ಒಳಗಿನ ದಾಸ್ತಾನು ಕರಗುತ್ತಾ ಹೋಗುತ್ತದೆ. ಬೇಗ ಬಿಸಿ ಮಾಡಿದಾಗ ಆ ನಷ್ಟ ತೋರಲು ಸಮಯವೇ ಸಿಗುವುದಿಲ್ಲ.

ಎಲ್ಲಿಗೆ ನಿಲ್ಲಿಸಿದರು ಅನ್ನುವ ಕಾಲಂ ಇನ್ನೂ ಜಾಸ್ತಿ ಕಲಿಸಿತು. ಪೆಕ್ ಅವರದೇ ಗುಂಪಿನ 2004ರ ಕೆಲಸದಲ್ಲಿ ಮೂರು ಚಿಪ್ಪಿನ ಪ್ರಾಣಿಗಳಿವೆ. ಲ್ಯಾಟರ್ನುಲಾ ಎಲಿಪ್ಟಿಕಾ ಕೆಸರಲ್ಲಿ ಹೂತುಕೊಂಡು ಬದುಕುವ ದೊಡ್ಡ ಕಪ್ಪೆಚಿಪ್ಪು. ಹೊರಗೆ ತೆಗೆದಿಟ್ಟರೆ ಮತ್ತೆ ಹೂತುಕೊಳ್ಳುತ್ತದೆ. ನಸೆಲ್ಲಾ ಕಾನ್ಸಿನ್ನಾ ಬಂಡೆಗೆ ಅಂಟಿಕೊಳ್ಳುವ ಲಿಂಪೆಟ್. ಮಗುಚಿ ಹಾಕಿದರೆ ಮತ್ತೆ ತಿರುಗಿಕೊಳ್ಳುತ್ತದೆ. ಮೂರನೆಯದು ಚಿಪ್ಪು ಬಡಿದು ಈಜುವ ಸ್ಕ್ಯಾಲಪ್. 2-3 ಡಿಗ್ರಿಯ ಹೊತ್ತಿಗೆ ಮೊದಲೆರಡರಲ್ಲಿ ಅರ್ಧದಷ್ಟಕ್ಕೆ ಈ ಕೆಲಸ ಆಗಲಿಲ್ಲ, 5 ಡಿಗ್ರಿಗೆ ಯಾವುದಕ್ಕೂ ಆಗಲಿಲ್ಲ. ಸ್ಕ್ಯಾಲಪ್ 2 ಡಿಗ್ರಿಗೆ ಮುಂಚೆಯೇ ಈಜುವುದನ್ನು ಬಿಟ್ಟಿತು. ಆದರೆ ಯಾವುದೂ ಆ ಹೊತ್ತಿಗೆ ಸತ್ತಿರಲಿಲ್ಲ. ಹೂತುಕೊಳ್ಳಲಾಗದ ಕಪ್ಪೆಚಿಪ್ಪು ಬದುಕಿದ್ದರೂ ಏನು ಬಂತು? ತೇಲಿ ಬರುವ ಮಂಜುಗಡ್ಡೆ ಕಡಲ ತಳವನ್ನು ಕೆರೆಯುವ ಜಾಗ ಅದು. ಮೇಲೆ ಬಿದ್ದವನ್ನು ತಿನ್ನುವವರಿಗೂ ಕಡಿಮೆಯಿಲ್ಲ.

ಶಾಖದ ಪ್ರೋಟೀನಿನ ಗೊಂದಲ

ಮುಂದಿನ ಅಧ್ಯಾಯಕ್ಕೆ ಚೇತನಾ ಕೊಟ್ಟ ತಲೆಬರಹ: ಅಂಟಾರ್ಕ್ಟಿಕಾದ ಪ್ರಾಣಿಗಳಿಗೆ ಶಾಖ ತಡೆಯುವ ಪ್ರತಿಕ್ರಿಯೆ ಇಲ್ಲ. ಆಧಾರ ಗಟ್ಟಿಯೇ ಇತ್ತು. ಬಿಸಿ ತಾಗಿದಾಗ ಜೀವಕೋಶ ಕೆಲವು ಜೀನುಗಳನ್ನು ಚಾಲೂ ಮಾಡುತ್ತದೆ ಎಂದು ಫೆರುಚ್ಚಿಯೋ ರಿಟೋಸಾ 1962ರಲ್ಲಿ ಹಣ್ಣುನೊಣದಲ್ಲಿ ತೋರಿಸಿದ್ದರು. ಹಾಗೆ ಬರುವ ಹೀಟ್ ಶಾಕ್ ಪ್ರೋಟೀನುಗಳು ಕೆಟ್ಟು ಮುದ್ದೆಯಾಗುವ ಬೇರೆ ಪ್ರೋಟೀನುಗಳನ್ನು ಹಿಡಿದು ಸರಿ ಮಾಡುತ್ತವೆ. ಬಹುತೇಕ ಎಲ್ಲ ಜೀವಿಗಳಲ್ಲೂ ಈ ಏರ್ಪಾಡು ಇದೆ. ಗ್ರೆಚೆನ್ ಹಾಫ್‌ಮನ್ ಮತ್ತು ಜೊತೆಗಾರರು 2000ರಲ್ಲಿ ನೋಡಿದಾಗ ಟ್ರೆಮಟೋಮಸ್ ಬರ್ನಾಕಿಯಲ್ಲಿ ಬಿಸಿಗೆ ಇವು ಏರಲೇ ಇಲ್ಲ.

ಅಲ್ಲಿಗೆ "ಇಲ್ಲ" ಅಂತ ಬರೆದುಬಿಡುವುದು ಸುಲಭ. ಮುಂದಿನ ಪೇಪರುಗಳಲ್ಲಿ ತಿಳಿದದ್ದು ಬೇರೆ. ಆ ಮೀನಿನಲ್ಲಿ ಈ ಬಗೆಯ ಪ್ರೋಟೀನ್ ಸದಾ ತಯಾರಾಗುತ್ತಲೇ ಇರುತ್ತದೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಪ್ರೋಟೀನು ಸರಿಯಾಗಿ ಮಡಚಿಕೊಳ್ಳುವುದೇ ಕಷ್ಟ. ಹಾಗಾಗಿ ರಿಪೇರಿ ದಿನನಿತ್ಯದ ಕೆಲಸ. ಮಳೆಗಾಲದಲ್ಲಿ ನಮ್ಮ ಕಡೆ ಬಚ್ಚಲ ಒಲೆ ಆರುವುದೇ ಇಲ್ಲ, ಹಾಗೆ. ಉರಿಯುತ್ತಿರುವ ಒಲೆಯನ್ನು ಹೊಸದಾಗಿ ಹಚ್ಚುವುದೇನು ಬಂತು? ಬಿಸಿ ಬಂದಾಗ ಈ ಮೀನಿಗೆ ಏರಿಸಲು ಉಳಿದಿರುವುದು ಏನೂ ಇಲ್ಲ.

ಮೇಡಂ ಇನ್ನೊಂದು ಪೇಪರ್ ಕೊಟ್ಟರು. ಮೆಲೊಡಿ ಕ್ಲಾರ್ಕ್ ಮತ್ತು ಜೊತೆಗಾರರು 2008ರಲ್ಲಿ ತೋರಿಸಿದ್ದು ಏನೆಂದರೆ, ಮೇಲೆ ಹೇಳಿದ ಲಿಂಪೆಟ್ಟಿಗೂ ಕಪ್ಪೆಚಿಪ್ಪಿಗೂ ಈ ಪ್ರತಿಕ್ರಿಯೆ ಇದೆ. ಆದರೆ ಲ್ಯಾಬಿನಲ್ಲಿ ಅದು ಚಾಲೂ ಆಗುವುದು ಕಪ್ಪೆಚಿಪ್ಪಿನಲ್ಲಿ 8-10 ಡಿಗ್ರಿಗೆ, ಲಿಂಪೆಟ್ಟಿನಲ್ಲಿ 15 ಡಿಗ್ರಿಗೆ. ಅಲ್ಲಿಯ ಕಡಲ ನೀರು ಎಂದೂ ಮುಟ್ಟದ ಬಿಸಿ ಅದು. ಲಿಂಪೆಟ್ ತಿರುಗಿಕೊಳ್ಳುವುದನ್ನು ಬಿಟ್ಟು ಎಷ್ಟೋ ಡಿಗ್ರಿ ದಾಟಿದ ಮೇಲೆ ಗಂಟೆ ಹೊಡೆಯುತ್ತದೆ. ಚೇತನಾ ತಲೆಬರಹ ಬದಲಿಸಿದಳು. ಯಾವ ಪ್ರಾಣಿ, ಎಷ್ಟು ಡಿಗ್ರಿ ಅಂತ ಹೇಳದೆ ಒಂದು ವಾಕ್ಯವೂ ಇರಬಾರದು ಅನ್ನುವುದು ಅಲ್ಲಿಂದ ಮುಂದೆ ಅವಳ ನಿಯಮವಾಯಿತು. ವರದಿ ಓದಲು ಸ್ವಲ್ಪ ಒರಟಾಯಿತು, ನಿಜ. ನನಗೆ ಹಾಗೇ ಇಷ್ಟ.

ಹಳ್ಳದ ಬಸವನಹುಳು

ಬರೀ ಪೇಪರ್ ಓದಿ ಬೇಜಾರಾಯಿತು ಅಂತ ಕೈಯಲ್ಲೂ ಏನಾದರೂ ಮಾಡಬೇಕು ಎಂದಳು. ಲಿಂಪೆಟ್ಟಿನ ಪರೀಕ್ಷೆಯನ್ನೇ ಊರಿನ ಹಳ್ಳದ ಬಸವನಹುಳುವಿನ ಮೇಲೆ ಮಾಡಬಹುದು ಅನ್ನುವುದು ಅವಳದೇ ಯೋಚನೆ. ಸಾಯಿಸಬೇಕಿಲ್ಲ. ತಿರುಗಿಕೊಳ್ಳುವುದು ನಿಂತ ತಕ್ಷಣ ತಣ್ಣೀರಿಗೆ ಬಿಡುವುದು. ಬೆನ್ನುಮೂಳೆ ಇಲ್ಲದ್ದರಿಂದ ಸಮಿತಿಯ ಪ್ರಶ್ನೆಯೂ ಇಲ್ಲ. ಮೇಡಂ ಒಪ್ಪಿದರು. ಒದ್ದೆ ಪಾಚಿಯ ಜೊತೆ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು.

ಎರಡು ಟಬ್ಬು, ಎರಡು ಅಕ್ವೇರಿಯಂ ಹೀಟರು. ಒಂದರಲ್ಲಿ ಮಧ್ಯಾಹ್ನದೊಳಗೆ ಬಿಸಿ ಏರಿಸುವುದು, ಇನ್ನೊಂದರಲ್ಲಿ ದಿನವೂ ಚೂರು ಚೂರು. ನನ್ನನ್ನು ಕರೆದದ್ದು ಇಲ್ಲಿಗೆ.

ಆಕ್ಸಿಜನ್ ಅಳೆಯುವ ಮೀಟರ್ ಇರಲಿಲ್ಲ. ಹಳೆಯ ವಿಂಕ್ಲರ್ ವಿಧಾನದಲ್ಲೇ ಮಾಡಿದೆವು. ಬಾಟಲಿಯಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟು, ಕ್ಷಾರದ ಅಯೊಡೈಡು ಹಾಕಿದರೆ ಆಕ್ಸಿಜನ್ ಇರುವಷ್ಟು ಕಂದು ಗಸಿ ಇಳಿಯುತ್ತದೆ. ಆಸಿಡ್ ಹಾಕಿದರೆ ಕರಗಿ ಹಳದಿಯಾಗುತ್ತದೆ. ಗಂಜಿಯ ದ್ರಾವಣ ಬೆರೆಸಿದರೆ ಕಡುನೀಲಿ. ಆಮೇಲೆ ಬ್ಯುರೆಟ್ಟಿನಿಂದ ಥಯೋಸಲ್ಫೇಟು ಹನಿ ಹನಿಯಾಗಿ ಬಿಟ್ಟು, ನೀಲಿ ಪೂರ್ತಿ ಹೋಗುವ ಹನಿಯನ್ನು ಹಿಡಿಯಬೇಕು. ತಣ್ಣನೆ ಟಬ್ಬಿನ ಬಾಟಲಿಯಲ್ಲಿ ಗಸಿ ದಟ್ಟವಾಗಿತ್ತು, ಬಿಸಿ ಟಬ್ಬಿನದರಲ್ಲಿ ಪೇಲವ. ಲೆಕ್ಕ ಮಾಡುವ ಮೊದಲೇ ಕಣ್ಣಿಗೆ ಕಂಡಿತು. ಸಿಹಿನೀರು 0 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 14.6 ಮಿಲಿಗ್ರಾಂ ಆಕ್ಸಿಜನ್ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಐಸ್‌ಫಿಶ್ ಹಿಮೋಗ್ಲೋಬಿನ್ ಇಲ್ಲದೆ ಬದುಕುವುದರ ಗುಟ್ಟಿನಲ್ಲಿ ಅರ್ಧ ಇದೇ. ಉಳಿದರ್ಧ ಅದರ ದೊಡ್ಡ ಹೃದಯ, ಜಾಸ್ತಿ ರಕ್ತ, ನಿಧಾನದ ಬದುಕು. ನೀರು ಬಿಸಿಯಾದರೆ ಎರಡು ಕಡೆಯಿಂದ ಪೆಟ್ಟು: ಮೈಗೆ ಬೇಕಾದ ಆಕ್ಸಿಜನ್ ಏರುತ್ತದೆ, ನೀರಿನಲ್ಲಿರುವುದು ಇಳಿಯುತ್ತದೆ.

ಹಾಗಾದರೆ ನಮ್ಮ ಹುಳು ಸೋತರೆ ಅದು ಬಿಸಿಗೋ, ಉಸಿರಿಗೋ? ಎರಡೂ ಟಬ್ಬಿಗೆ ಗಾಳಿ ಪಂಪು ಹಾಕಿ ಮೊದಲಿಂದ ಶುರು ಮಾಡಿದರು. ಹ್ಯಾನ್ಸ್-ಓಟೋ ಪೋರ್ಟ್‌ನರ್ ಮತ್ತು ಜೊತೆಗಾರರು 2006ರಲ್ಲಿ ಲ್ಯಾಟರ್ನುಲಾಕ್ಕೆ ಆಕ್ಸಿಜನ್ ಜಾಸ್ತಿ ಕೊಟ್ಟಾಗ ಬಿಸಿಯ ತೊಂದರೆ ಕಡಿಮೆಯಾಗಿತ್ತು. ಆಕ್ಸಿಜನ್ ಪೂರೈಕೆಯೇ ಬಿಸಿಯ ಮಿತಿಯನ್ನು ಕಟ್ಟುತ್ತದೆ ಅನ್ನುವ ಅವರ ವಾದ ಎಲ್ಲ ಪ್ರಾಣಿಗಳಿಗೂ ಹೊಂದುವುದಿಲ್ಲ, ಅದರ ಮೇಲೆ ದೊಡ್ಡ ವಾಗ್ವಾದವೇ ಇದೆ. ಊರಿನ ಗುಂಡಿಯ ಪ್ರಶ್ನೆಗೂ ಇಲ್ಲೇ ಒಂದು ದಾರಿ ಸಿಕ್ಕಿತು. ಗುಂಡಿಯ ನೀರು ಅತಿ ಬಿಸಿಯಾಗುವುದು ಮಧ್ಯಾಹ್ನದ ಮೇಲೆ. ಆಕ್ಸಿಜನ್ ಅತಿ ಕಡಿಮೆಯಾಗುವುದು ಬೆಳಗಿನ ಜಾವ, ಪಾಚಿಯೂ ರಾತ್ರಿಯಿಡೀ ಉಸಿರಾಡಿದ ಮೇಲೆ. ಮೀನು ಯಾವ ಹೊತ್ತಿಗೆ ಬಾಯಿ ಬಿಡುತ್ತವೆ ಅಂತ ನೋಡಿದರೂ ಅಷ್ಟುಮಟ್ಟಿಗೆ ಗೊತ್ತಾಗುತ್ತದೆ, ಒಂದನ್ನೂ ಮುಟ್ಟಬೇಕಿಲ್ಲ.

ಬಸವನಹುಳುವಿನ ಕಡೆ ಬೇರೆ ಕಷ್ಟ ಬಂತು. ಬಿಳಿ ತಟ್ಟೆಯ ಮೇಲೆ ಮಗುಚಿ ಇಟ್ಟರೆ ಮೊದಲು ಕಂದು ಮುಚ್ಚಳ ಸರಿಯುತ್ತದೆ. ಬೂದು ಬಣ್ಣದ ಕಾಲು ಹೊರಗೆ ಬಂದು, ಅಂಚಿನಿಂದ ಬಾಗಿ, ತಟ್ಟೆಯನ್ನು ತಡಕಾಡುತ್ತದೆ. ತುದಿ ಅಂಟಿತು ಅಂದರೆ ಚಿಪ್ಪನ್ನು ಒಂದೇ ಜಗ್ಗಿಗೆ ಎಳೆದುಕೊಳ್ಳುತ್ತದೆ. ನೀರು ಬಿಸಿಯಾದಾಗ ಕೆಲವು ಮುಚ್ಚಳ ಹಾಕಿಕೊಂಡು ಸುಮ್ನೆ ಕೂತವು. ಅದಕ್ಕೆ ಆಗುತ್ತಿಲ್ಲವೋ, ಮನಸ್ಸಿಲ್ಲವೋ? ಲಿಂಪೆಟ್ಟಿಗೆ ಮುಚ್ಚಳವೇ ಇಲ್ಲ, ಅಲ್ಲಿ ಈ ಗೊಂದಲ ಬರುವುದಿಲ್ಲ. ಚೇತನಾ ಅವನ್ನೆಲ್ಲ "ಸೋತವು" ಅಂತ ಸೇರಿಸಲಿಲ್ಲ. ತಿರುಗಿದವು, ಮುಚ್ಚಿಕೊಂಡವು, ಕಾಲು ಹೊರಗಿದ್ದೂ ತಿರುಗಲಾಗದವು ಅಂತ ಮೂರು ಗೆರೆ ಹಾಕಿದಳು. ಮೂರನೆಯದನ್ನು ಮಾತ್ರ ಎಣಿಕೆಗೆ ತೆಗೆದುಕೊಂಡಳು. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತಿ ಮೆಚ್ಚುಗೆಯಾದ ನಿರ್ಧಾರ ಇದು.

ಏನಾಯಿತು

ಬೇಗ ಬಿಸಿ ಮಾಡಿದವೂ ನಿಧಾನ ಬಿಸಿ ಮಾಡಿದವೂ ಹೆಚ್ಚುಕಮ್ಮಿ ಒಂದೇ ಕಡೆ ನಿಂತವು. ಅಂಟಾರ್ಕ್ಟಿಕಾದ ಹಾಗೆ ನಿಧಾನದ ಟಬ್ಬು ಹಿಂದೆ ಬೀಳಲಿಲ್ಲ. ವರ್ಷವಿಡೀ ಏರಿಳಿತ ಕಾಣುವ ಹಳ್ಳದ ಪ್ರಾಣಿ ಒಗ್ಗಿಕೊಳ್ಳುವುದನ್ನು ಬಲ್ಲದು, ಹಾಗಾಗಿ ಹೀಗೆ ಅಂತ ಬರೆದುಬಿಡಲು ಅವಳಿಗೆ ತುಂಬಾ ಆಸೆ. ಮೇಡಂ ಬಿಡಲಿಲ್ಲ. ಹುಳುಗಳು ಕೈಬೆರಳೆಣಿಕೆ, ನಿಧಾನದ ಟಬ್ಬಿನವು ಅಷ್ಟು ದಿನ ಏನು ತಿಂದವು ಅಂತ ಲೆಕ್ಕವಿಲ್ಲ. ಅನುಬಂಧಕ್ಕೆ ಹೋಯಿತು, ತೀರ್ಮಾನದಲ್ಲಿ ಒಂದು ಸಾಲೂ ಬರಲಿಲ್ಲ. ತೀರ್ಮಾನದ ಕೊನೆಗಾದರೂ ಒಂದು ಸಾಲು ಇರಲಿ ಅನ್ನುವುದು ನನ್ನ ವಾದವಾಗಿತ್ತು, ಈಗಲೂ ಹಾಗೇ ಅನಿಸುತ್ತದೆ.

ಚಳಿಯ ಪ್ರಾಣಿಗಳು ಒಗ್ಗಿಕೊಳ್ಳುವುದೇ ಇಲ್ಲ ಅಂತಲೂ ಹೇಳುವ ಹಾಗಿಲ್ಲ. ಜೇಸನ್ ಪೊಡ್ರಾಬ್‌ಸ್ಕಿ ಮತ್ತು ಸೊಮೆರೋ 2006ರಲ್ಲಿ ಅಂಟಾರ್ಕ್ಟಿಕಾ ಮೀನುಗಳನ್ನು 4 ಡಿಗ್ರಿ ನೀರಿನಲ್ಲಿ ಇಟ್ಟು ನೋಡಿದಾಗ ಅವುಗಳ ಶಾಖ ತಡೆಯುವ ಶಕ್ತಿ ಹೆಚ್ಚಿತ್ತು. ಹೀಟ್ ಶಾಕ್ ಪ್ರೋಟೀನು ಏರಿಸಲಾಗದ ಗುಂಪಿನ ಮೀನುಗಳೇ ಅವು. ಅಂದರೆ ಬೇರೆ ದಾರಿಗಳೂ ಇವೆ. ಇನ್ನೊಂದು ಕಡೆ ಓಫಿಯೊನೋಟಸ್ ವಿಕ್ಟೋರಿಯೇ ಅನ್ನುವ, ನಕ್ಷತ್ರಮೀನಿನ ಹತ್ತಿರದ ಐದು ಕೈಯ ಬ್ರಿಟಲ್ ಸ್ಟಾರ್‌ಗೆ 2 ಡಿಗ್ರಿಗೂ ಒಗ್ಗಿಕೊಳ್ಳಲಾಗಲಿಲ್ಲ.

ವೈವಾದಲ್ಲಿ ಹೊರಗಿನ ಪರೀಕ್ಷಕರು ನೇರವಾಗಿ ಕೇಳಿದರು: "ಹಾಗಾದ್ರೆ ಸಮುದ್ರ ಎಷ್ಟು ಡಿಗ್ರಿ ಏರಿದ್ರೆ ಇವು ಹೋಗ್ತಾವೆ? ಒಂದು ಸಂಖ್ಯೆ ಹೇಳಿ."

"ಒಂದು ಸಂಖ್ಯೆ ಹೇಳಕ್ಕಾಗಲ್ಲ ಸರ್" ಎಂದಳು. ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಪಶ್ಚಿಮಕ್ಕೆ ಬೇಸಿಗೆಯ ಮೇಲ್ನೀರು 20ನೇ ಶತಮಾನದ ಉತ್ತರಾರ್ಧದಲ್ಲಿ 1 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಿದೆ ಎಂದಳು. ಲ್ಯಾಬಿನ ತಿಂಗಳಿಗೆ 1 ಡಿಗ್ರಿಯೂ ಅದರ ಮುಂದೆ ಅವಸರವೇ, ಹಾಗಾಗಿ ಬೇಗ ಬಿಸಿ ಮಾಡಿ ಪಡೆದ 12, 16ರಂಥ ಅಂಕಿ ಹಿಡಿದು ಸಮಾಧಾನಪಡುವಂತಿಲ್ಲ ಎಂದಳು. ಅಷ್ಟು ನಿಧಾನವಾದರೆ ತಲೆಮಾರುಗಳು ಬದಲಾಗಲು ಸಮಯ ಸಿಗುತ್ತದಲ್ಲ ಎಂದು ಪರೀಕ್ಷಕರು ಹಿಡಿದರು. ಒಳ್ಳೆಯ ಪ್ರಶ್ನೆ. ಈ ಪ್ರಾಣಿಗಳಲ್ಲಿ ಬಹಳಷ್ಟು ನಿಧಾನ ಬೆಳೆಯುತ್ತವೆ, ತಡವಾಗಿ ಮರಿ ಮಾಡುತ್ತವೆ, ನೂರು ವರ್ಷಕ್ಕೆ ಸಿಗುವ ತಲೆಮಾರು ಕಮ್ಮಿ ಎಂದಳು. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೆ ಟೇಬಲ್ಲಿನ ಪ್ರತಿ ಸಾಲನ್ನೂ ತಿರುಗಿಸಿ ಮುರುಗಿಸಿ ಕೇಳಿದರು, ಎಲ್ಲದಕ್ಕೂ ಅವಳ ಹತ್ತಿರ ಉತ್ತರವಿತ್ತು.

ವಿಭಾಗದಲ್ಲಿ ಈಗ ಉಳಿದಿರುವುದು

ತಾಪಮಾನದ ಮೇಲೆ ಓದಿ ಬರೆಯುವ ಪ್ರಾಜೆಕ್ಟುಗಳಿಗೆ ಮೇಡಂ ಒಂದು ನಮೂನೆ ಮಾಡಿದ್ದಾರೆ. ಪ್ರಾಣಿ ಯಾವ ತಾಪಮಾನದಲ್ಲಿ ಬೆಳೆದದ್ದು, ಬಿಸಿ ಏರಿಸಿದ ವೇಗ, ಎಲ್ಲಿಗೆ ನಿಲ್ಲಿಸಿದರು, ಪ್ರಾಣಿಯ ಗಾತ್ರ, ನೀರಿನ ಆಕ್ಸಿಜನ್ ಅಳೆದಿದ್ದಾರೋ ಇಲ್ಲವೋ, ಇಷ್ಟನ್ನೂ ತುಂಬಿದ ಮೇಲೆಯೇ ಡಿಗ್ರಿ ಬರೆಯುವ ಕಾಲಂ. ಗಾತ್ರ ಸೇರಿಸಿದ್ದು ಯಾಕೆಂದರೆ ಪೆಕ್ ಅವರ 2009ರ ಕೆಲಸದಲ್ಲಿ ಚಿಕ್ಕವು, ಚುರುಕಾದವು ಜಾಸ್ತಿ ತಡೆದಿದ್ದವು. ವೇಗದ ಕಾಲಂ ಖಾಲಿ ಇದ್ದರೆ ಆ ಸಾಲನ್ನು ಗ್ರಾಫಿಗೆ ಹಾಕಬಾರದು. ಹುಡುಗರು ಗೊಣಗುತ್ತಾರೆ. ಹೋದ ಸಲ ಒಬ್ಬನ ಟೇಬಲ್ಲಿನಲ್ಲಿ ಮುಕ್ಕಾಲು ಭಾಗ ಸಾಲುಗಳು ಗ್ರಾಫಿಗೆ ಬರಲಿಲ್ಲ. ಅವನ ಗೈಡು ಬಂದು ಮೇಡಂ ಹತ್ತಿರ ವಾದ ಮಾಡಿದರು, ಆ ವಾದ ಇನ್ನೂ ಮುಗಿದಿಲ್ಲ.